ನಾಲ್ಕು ಬೆರಳಿನ ಎತ್ತರ

ಹಿರಿಯೂರಿನ ನಮ್ಮಕ್ಕನ ಮನೆಯ ಅಂಗಳದಲ್ಲಿ ನೀರಿನ ಪೈಪೊಂದು ಯಾವಾಗಲೂ ಅಡ್ಡ ಬಿದ್ದಿರುತ್ತದೆ. ಹೆಬ್ಬೆರಳು ದಪ್ಪದ ಹಸಿರು ಪೈಪು. ದಾಟುತ್ತಿದ್ದೇವೆ ಎಂಬ ಅರಿವೂ ಇಲ್ಲದೆ ಎಲ್ಲರೂ ಅದನ್ನು ದಾಟಿ ಓಡಾಡುತ್ತಾರೆ. ಪಕ್ಕದ ಮನೆಯ ಕೋಳಿಗಳೂ ದಾಟುತ್ತವೆ. ಒಂದು ಭಾನುವಾರ ಬೆಳಿಗ್ಗೆ ನಾನು ಗೇಟು ತೆಗೆದು ಒಳಗೆ ಬಂದಾಗ ಅಕ್ಕನ ಮಗಳು ಆ ಪೈಪಿನ ಮುಂದೆ ಗೋಡೆ ಹಿಡಿದು ನಿಂತಿದ್ದಳು. ಕಾಲಲ್ಲಿ ನಾಲ್ಕು ಬೆರಳು ಎತ್ತರದ ಹೀಲ್ಸ್. ಬಲಗಾಲನ್ನು ಹಳ್ಳ ದಾಟುವವರ ಹಾಗೆ ಮೇಲಕ್ಕೆತ್ತಿ ಆಚೆ ಇಟ್ಟಳು. ಹಿಂದೆ ಬಂದ ಎಡಗಾಲಿನ ಹಿಮ್ಮಡಿಯ ತುದಿ ಪೈಪಿಗೆ ಸಿಕ್ಕಿಕೊಂಡು, ಮುಗ್ಗರಿಸಿ, ಮತ್ತೆ ಗೋಡೆ ಹಿಡಿದಳು. ಈ ಹುಡುಗಿ ಕಾಲೇಜಿನಲ್ಲಿದ್ದಾಗ ಹರ್ಡಲ್ಸ್ ಓಟದಲ್ಲಿ ಜಿಲ್ಲೆಗೇ ಮೊದಲು ಬಂದವಳು. ಸೊಂಟದ ಎತ್ತರದ ಅಡ್ಡಪಟ್ಟಿಗಳನ್ನು ಒಂದರ ಹಿಂದೊಂದು ಹಾರಿಕೊಂಡು ಹೋದವಳು. ಕಲಿಸಿದವಳು ನಾನು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಅಕ್ಕ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟುಕೊಂಡು ಮಗಳ ನಡಿಗೆಯ ಅಂದ ನೋಡುತ್ತಿದ್ದಳು. ನನ್ನನ್ನು ಕಂಡವಳೇ, ಸರಿಯಾದ ಹೊತ್ತಿಗೆ ಬಂದೆ, ನೀನು ಪಿ.ಟಿ. ಮಿಸ್ಸಲ್ಲವಾ, ಇವಳಿಗೆ ಇದನ್ನು ಹಾಕಿಕೊಂಡು ನಡೆಯುವುದು ಕಲಿಸು ಎಂದಳು. ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ನಾನು ಅರ್ಧ ಆಯಸ್ಸು ಕಳೆದಿದ್ದೇನೆ. ಮಕ್ಕಳಿಗೆ ಓಡುವುದು ಕಲಿಸಿದ್ದೇನೆ, ಹಾರುವುದು ಕಲಿಸಿದ್ದೇನೆ, ಬಿದ್ದರೆ ಮಣ್ಣು ಕೊಡವಿಕೊಂಡು ಏಳುವುದು ಕಲಿಸಿದ್ದೇನೆ. ನೆಟ್ಟಗೆ ನಡೆಯುವ ಹುಡುಗಿಯನ್ನು ಕುಂಟಿಸುವ ವಿದ್ಯೆಯನ್ನು ಕಲಿಸೆಂದು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದವಳು ನನ್ನ ಒಡಹುಟ್ಟಿದ ಅಕ್ಕ.

ಕಾರಣ, ಭೀಮಸಮುದ್ರದ ಒಂದು ಸಂಬಂಧ. ಅಡಿಕೆ ವ್ಯಾಪಾರದ ಮನೆತನ. ಹುಡುಗ ಓದಿದವನು, ಮಾತು ಕಡಿಮೆ, ಗಳದ ಹಾಗೆ ಎತ್ತರ. ಅವರು ಹೆಣ್ಣು ನೋಡಲು ಬಂದ ದಿನ ನಾನೂ ಇದ್ದೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆದಮೇಲೆ ಹುಡುಗನ ಸೋದರತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಆ ಮನೆಯಲ್ಲಿ ಮಾತೆಂದರೆ ಈಯಮ್ಮನದೇ, ಉಳಿದವರೆಲ್ಲ ತಲೆಯಾಡಿಸುವವರು. ಹುಡುಗ ಹುಡುಗಿ ಇಬ್ಬರನ್ನೂ ನಡುಮನೆಯಲ್ಲಿ ಅಕ್ಕಪಕ್ಕ ನಿಲ್ಲಿಸಿದರು. ನಮ್ಮ ಕಡೆ ಇದೊಂದು ರೂಢಿ. ಹೆಣ್ಣಿನ ತಲೆ ಗಂಡಿನ ಭುಜ ಮುಟ್ಟಬೇಕು. ಮೀರಿದರೂ ತಪ್ಪು, ಇಳಿದರೂ ತಪ್ಪು. ಎತ್ತಿಗೆ ಜೊತೆ ನೋಡುವವರೂ ಹೀಗೇ ನಿಲ್ಲಿಸಿ ನೋಡುತ್ತಾರೆ, ಆದರೆ ಅವರು ಕಡೆಗೆ ಹಲ್ಲನ್ನಾದರೂ ನೋಡುತ್ತಾರೆ.

ಆಯಮ್ಮ ಹುಡುಗಿಯ ನೆತ್ತಿಯಿಂದ ಹುಡುಗನ ಭುಜದವರೆಗೆ ಬೆರಳುಗಳನ್ನು ಒತ್ತಿಟ್ಟು ಅಳೆದರು. ನಾಲ್ಕು ಬೆರಳು ಕಡಿಮೆ ಬಿತ್ತು. "ಹುಡುಗಿ ಲಕ್ಷಣವಾಗಿದಾಳೆ. ಆದ್ರೆ ಫೋಟೋದಾಗೆ ಜೋಡಿ ಕೂಡಬೇಕಲ್ರಿ" ಎಂದರು. ಅಲ್ಲಿ ಯಾರಾದರೂ, ಫೋಟೋಕ್ಕೆ ಮದುವೆ ಮಾಡುತ್ತೀರೋ ಹುಡುಗನಿಗೋ ಎಂದು ಕೇಳಬೇಕಿತ್ತು. ಭಾವ ಕೇಳಲಿಲ್ಲ. ತೆಂಗಿನಕಾಯಿ ಮಂಡಿಯಲ್ಲಿ ಹತ್ತು ಜನರ ಮೇಲೆ ಜೋರು ಮಾಡುವ ಮನುಷ್ಯ ಬೀಗರ ಮುಂದೆ ಕಾಫಿ ಲೋಟದೊಳಗೆ ಕಣ್ಣಿಟ್ಟು ಕೂತಿದ್ದ. ಅಕ್ಕ ಮಾತ್ರ ತಡಮಾಡಲಿಲ್ಲ. ಅದಕ್ಕೇನಂತೆ, ಹೀಲ್ಸ್ ಹಾಕಿಕೊಳ್ಳುತ್ತಾಳೆ ಬಿಡ್ರಿ ಎಂದುಬಿಟ್ಟಳು. ಆಯಮ್ಮನ ಮುಖ ಅರಳಿತು, ಮಾತು ಮುಂದೆ ಹೋಯಿತು.

ಈಗ ಈ ಹುಡುಗಿಯ ಇನ್ನೊಂದು ವಿಷಯ ಹೇಳಬೇಕು. ಅವಳು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಬರೆಯುವ ಪರೀಕ್ಷೆ ಪಾಸಾಗಿತ್ತು. ಚಿತ್ರದುರ್ಗದ ಮೈದಾನದಲ್ಲಿ ದೈಹಿಕ ಪರೀಕ್ಷೆ ಬಾಕಿ ಇತ್ತು. ಅಲ್ಲಿ ಎತ್ತರ ಅಳೆಯುತ್ತಾರೆ, ಓಡಿಸುತ್ತಾರೆ, ಹಾರಿಸುತ್ತಾರೆ, ಕಬ್ಬಿಣದ ಗುಂಡು ಎಸೆಸುತ್ತಾರೆ. ಒಂದರಲ್ಲಿ ತಪ್ಪಿದರೂ ಮನೆಗೆ. ಅವಳ ವಯಸ್ಸು ಮಿತಿಯ ಅಂಚಿಗೆ ಬಂದಿತ್ತು. ಈ ಸಲ ಕೈತಪ್ಪಿದರೆ ಇನ್ನೊಂದು ಸಲ ಎಂಬುದಿರಲಿಲ್ಲ. ಚಿಕ್ಕಂದಿನಿಂದ ಅವಳಿಗೆ ಬೇರೆ ಯಾವ ಆಸೆಯೂ ಇದ್ದದ್ದನ್ನು ನಾನು ಕಂಡಿಲ್ಲ. ಖಾಕಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕು, ಅಷ್ಟೇ. ಎತ್ತರದ ಲೆಕ್ಕದಲ್ಲಿ ಸರ್ಕಾರಕ್ಕೆ ಅವಳು ಸಾಕಾಗಿದ್ದಳು, ಸ್ವಲ್ಪ ಮಿಗಿಲೇ ಇದ್ದಳು. ಕಳ್ಳರನ್ನು ಹಿಡಿಯಲು ಸಾಲುವ ಎತ್ತರ ಭೀಮಸಮುದ್ರದ ಫೋಟೋಕ್ಕೆ ಸಾಲದೆ ಹೋಯಿತು.

ಅವಳನ್ನು ಒಳಗೆ ಕರೆದು ಕೂರಿಸಿ ಕೇಳಿದೆ, ನಿನಗೆ ಬುದ್ಧಿ ಎಲ್ಲಿ ಹೋಗಿದೆ ಎಂದು. ಅವಳು ಚಪ್ಪಲಿ ಬಿಚ್ಚಿ ಕಾಲ್ಬೆರಳು ಒತ್ತಿಕೊಳ್ಳುತ್ತ, ತಾಯಿಗೂ ತನಗೂ ಒಪ್ಪಂದವಾಗಿದೆ ಎಂದಳು. ಬೆಳಿಗ್ಗೆ ಓಟಕ್ಕೆ ಬಿಡಬೇಕು, ಉಳಿದಂತೆ ಅಮ್ಮ ಹೇಳಿದಾಗ, ಹೇಳಿದಷ್ಟು ಹೊತ್ತು ಹೀಲ್ಸ್ ಹಾಕಿ ನಡೆಯಬೇಕು. ಒಪ್ಪದಿದ್ದರೆ ಮೈದಾನಕ್ಕೆ ಹೋಗುವುದೇ ಬೇಡ, ಬಿಸಿಲಿಗೆ ಕಪ್ಪಾಗುತ್ತೀಯ ಎಂಬ ವರಾತ ಶುರುವಾಗುತ್ತದಂತೆ. "ನಾಕು ದಿನ ಹಾಕ್ಕಂಡ್ರೆ ಏನಾಗುತ್ತೆ ಬಿಡು ಚಿಕ್ಕಮ್ಮ. ಅಮ್ಮಂಗೂ ಸಮಾಧಾನ ಆಗ್ಲಿ" ಎಂದಳು. ಆ ಹುಡುಗ ಆಗೀಗ ಫೋನಿನಲ್ಲಿ ಮೆಸೇಜು ಮಾಡುತ್ತಿದ್ದ, ಅದೂ ಅವಳಿಗೆ ಬೇಡವೆನಿಸಿರಲಿಲ್ಲ. ಎರಡು ದೋಣಿಯಲ್ಲಿ ಕಾಲಿಡಬೇಡ ಎಂದೆ. ಅವಳು ನಕ್ಕಳು.

ಏನಾಗುತ್ತದೆ ಎಂದು ಕೇಳುವವರಿಗೆ ನಾನು ಹೇಳುತ್ತೇನೆ. ಮನುಷ್ಯ ನಡೆಯುವಾಗ ಮೊದಲು ನೆಲ ಮುಟ್ಟುವುದು ಹಿಮ್ಮಡಿ. ಮೈಭಾರ ಅಲ್ಲಿಂದ ಅಂಗಾಲಿನ ಮೇಲೆ ಉರುಳಿಕೊಂಡು ಮುಂದೆ ಬಂದು ಹೆಬ್ಬೆರಳಿಗೆ ಸೇರುತ್ತದೆ, ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒದೆಯುತ್ತದೆ, ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ. ಗೋಡೆ ಹಿಡಿದು ನಡೆಯುವ ಕೂಸಿಗೂ ಇದು ಗೊತ್ತು. ಈ ಚಪ್ಪಲಿ ಹಿಮ್ಮಡಿಯನ್ನು ನೆಲದಿಂದ ಕಿತ್ತು ಒಂದು ಮೊಳೆಯ ಮೇಲೆ ಕೂರಿಸುತ್ತದೆ. ಭಾರವೆಲ್ಲ ಬೆರಳುಗಳ ಬುಡಕ್ಕೆ ಇಳಿಯುತ್ತದೆ. ಮೊಣಕಾಲು ಪೂರ್ತಿ ನೆಟ್ಟಗಾಗುವುದಿಲ್ಲ, ಸೊಂಟ ಹಿಂದಕ್ಕೆ ಹೋಗುತ್ತದೆ, ಹೆಜ್ಜೆ ಗೇಣಿಗೆ ಇಳಿಯುತ್ತದೆ. ಮೀನಖಂಡ ದಿನವೆಲ್ಲ ಬಿಗಿದುಕೊಂಡೇ ಇದ್ದು ಇದ್ದು, ಚಪ್ಪಲಿ ಬಿಚ್ಚಿದ ಮೇಲೂ ಸಡಿಲವಾಗುವುದನ್ನು ಮರೆಯುತ್ತದೆ. ಇದಕ್ಕೆ ನಮ್ಮ ಜನ ಇಟ್ಟಿರುವ ಹೆಸರು ಸ್ಟೈಲು.

ಅಡ್ಡ ಬಂದದ್ದನ್ನು ದಾಟುವ ಪಾಡು ಇನ್ನೂ ನಾಚಿಕೆಗೇಡು. ಬರಿಗಾಲಲ್ಲೋ ಚಪ್ಪಟೆ ಚಪ್ಪಲಿಯಲ್ಲೋ ಹೋಗುವವಳ ಕಣ್ಣು ಕಲ್ಲನ್ನು ಎರಡು ಹೆಜ್ಜೆ ಮೊದಲೇ ನೋಡಿಟ್ಟುಕೊಂಡಿರುತ್ತದೆ. ಕಾಲು ಎಷ್ಟು ಬೇಕೋ ಅಷ್ಟೇ ಏಳುತ್ತದೆ, ಬಾಯಲ್ಲಿದ್ದ ಮಾತು ಬಾಯಲ್ಲೇ ಮುಂದುವರಿಯುತ್ತದೆ. ಹೀಲ್ಸ್ ಹಾಕಿದವಳು ಕಲ್ಲಿನ ಮುಂದೆ ಬಂದಳೆಂದರೆ ಮಾತು ನಿಂತಿತು, ನಡಿಗೆ ನಿಂತಿತು, ಕೈ ಯಾರ ತೋಳು ಸಿಕ್ಕೀತೆಂದು ಹುಡುಕಿತು. ಮುಂದಿನ ಕಾಲು ಕಣ್ಣಿಗೆ ಕಾಣುವುದರಿಂದ ಅದನ್ನು ಬೇಕಾದ್ದಕ್ಕಿಂತ ಮೇಲಕ್ಕೆ ಎತ್ತುತ್ತಾಳೆ. ಹಿಂದಿನ ಕಾಲು ಕಾಣುವುದಿಲ್ಲ. ತನ್ನ ಕೆಳಗೆ ಇನ್ನೂ ನಾಲ್ಕು ಬೆರಳು ಮೊಳೆ ಜೋತುಬಿದ್ದಿದೆ ಎಂಬುದು ಆ ಕಾಲಿಗೆ ನೆನಪಿರುವುದಿಲ್ಲ. ಎಡವುವುದು ಅದೇ. ಹಿರಿಯೂರಿನಲ್ಲಿ ಚರಂಡಿಯ ಕಲ್ಲುಚಪ್ಪಡಿ ಎಲ್ಲಿ ಇರುತ್ತದೆ ಎಲ್ಲಿ ಇರುವುದಿಲ್ಲ ಎಂದು ಹೇಳುವವರಿಲ್ಲ. ಅಂಥ ಊರಿನಲ್ಲಿ ಹೆಣ್ಣುಮಕ್ಕಳು ಮೊಳೆಯ ಮೇಲೆ ನಿಂತು ಮದುವೆಮನೆಗಳಿಗೆ ಹೊರಡುತ್ತಾರೆ.

ಎರಡು ಭಾನುವಾರ ಕಳೆಯುವುದರೊಳಗೆ ಅದರ ಫಲ ಮೈದಾನದಲ್ಲಿ ಕಂಡಿತು. ನಾನು ವಾರಕ್ಕೊಮ್ಮೆ ಹೊಸದುರ್ಗದಿಂದ ಮೊದಲ ಬಸ್ಸಿಗೆ ಬಂದು ಅವಳನ್ನು ಓಡಿಸುತ್ತಿದ್ದೆ. ಅವಳ ಓಟಕ್ಕೆ ಒಂದು ಸದ್ದಿತ್ತು, ಹಗುರವಾದ ಸದ್ದು, ಕಣ್ಣು ಮುಚ್ಚಿಕೊಂಡರೂ ಇವಳೇ ಎಂದು ನನಗೆ ಗೊತ್ತಾಗುತ್ತಿತ್ತು. ಆವತ್ತು ಅದು ಕೇಳಿಸಲಿಲ್ಲ. ಹಿಮ್ಮಡಿ ನೆಲಕ್ಕೆ ಇಳಿಯಲು ಹಿಂಜರಿಯುತ್ತಿತ್ತು, ಮುಂಗಾಲಲ್ಲಿ ತಟತಟ ಬಡಿದುಕೊಂಡು ಬಂದಳು. ಎರಡು ಹರ್ಡಲ್ ಇಟ್ಟು ಹಾರಿಸಿದೆ. ಮುಂದಿನ ಕಾಲು ಸರಿಯಾಗಿ ಹೋಯಿತು, ಹಿಂದಿನ ಕಾಲು ಪಟ್ಟಿಗೆ ಬಡಿದು ಹರ್ಡಲ್ ಉರುಳಿತು. ಅವಳ ಹಿಂದಿನ ಕಾಲು ಪಟ್ಟಿಗೆ ತಾಕಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅವಳೇ ಬೆಪ್ಪಾಗಿ ತಿರುಗಿ ನೋಡಿದಳು.

ಮನೆಗೆ ಬಂದು ಅಕ್ಕನ ಮೇಲೆ ಹಾರಾಡಿದೆ. ಪರೀಕ್ಷೆ ಮುಗಿಯುವವರೆಗಾದರೂ ಆ ದರಿದ್ರ ಚಪ್ಪಲಿಯನ್ನು ಅಟ್ಟದ ಮೇಲೆ ಎಸೆ ಎಂದೆ. ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡಿದ್ದೀಯ ಎಂದೆ. ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತ, ನಿನಗೆ ಮಕ್ಕಳಿಲ್ಲ, ಹೆಣ್ಣು ದಾಟಿಸುವ ಕಷ್ಟ ನಿನಗೇನು ಗೊತ್ತು ಎಂದಳು. ಅವಳು ಮಾತಿನಲ್ಲಿ ಸೋಲುವಾಗಲೆಲ್ಲ ಇದೊಂದು ಕಲ್ಲನ್ನು ತೆಗೆದು ಎಸೆಯುತ್ತಾಳೆ. ನೋವಾಯಿತು. ನೋವಾದದ್ದನ್ನು ತೋರಿಸಿಕೊಳ್ಳಲು ಅಸಹ್ಯವಾಗಿ, ಊಟ ಮಾಡದೆ ಹೊಸದುರ್ಗದ ಬಸ್ಸು ಹತ್ತಿದೆ. ಮುಂದಿನ ಭಾನುವಾರ ಹೋಗಲೂ ಇಲ್ಲ.

ಆ ಭಾನುವಾರವೇ ಅವರು ಚಿತ್ರದುರ್ಗಕ್ಕೆ ಹೋಗಿ ನಿಶ್ಚಿತಾರ್ಥಕ್ಕೆ ಲೆಹೆಂಗಾ ಹೊಲಿಯಲು ಕೊಟ್ಟು ಬಂದದ್ದು. ಸೀರೆ ಸಾಕಾಗಿತ್ತು, ಆದರೆ ಸೋದರತ್ತೆಗೆ ಲೆಹೆಂಗಾ ಬೇಕಿತ್ತಂತೆ. ಅಳತೆ ಕೊಡುವಾಗ ಹೀಲ್ಸ್ ಹಾಕಿಕೊಂಡೇ ನಿಲ್ಲು ಎಂದು ಅಕ್ಕ ಮಗಳಿಗೆ ಹೇಳಿದಳಂತೆ. ಚಪ್ಪಲಿ ಪೂರ್ತಿ ಮುಚ್ಚಬೇಕು, ಎತ್ತರ ಎಲ್ಲಿಂದ ಬಂತು ಎಂದು ಯಾರಿಗೂ ತಿಳಿಯಬಾರದು ಎಂದು ದರ್ಜಿಗೆ ಒತ್ತಿ ಒತ್ತಿ ಹೇಳಿದಳಂತೆ. ದರ್ಜಿ ಅವಳು ಹೇಳಿದಂತೆಯೇ, ಹೀಲ್ಸ್ ಹಾಕಿ ನಿಂತಾಗ ನೆಲಕ್ಕೆ ತಾಕುವಂತೆ ಹೊಲಿದುಕೊಟ್ಟ. ಇಷ್ಟೊಂದು ಲೆಕ್ಕ ಹಾಕಿದ ನನ್ನ ಅಕ್ಕನಿಗೆ, ಅದನ್ನು ನೋಡಿ ಮೆಚ್ಚಿದ ಬೀಗಿತಿಯರಿಗೆ, ಹೂಂ ಎಂದ ಭಾವನಿಗೆ, ಒಬ್ಬರಿಗೂ ಒಂದು ಮಾತು ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಬೆಳೆದ ಜನ, ಶಾಸ್ತ್ರಕ್ಕೆ ಕೂರುವ ಹೆಣ್ಣು ಚಪ್ಪಲಿ ಹಾಕಿಕೊಂಡು ಮಂಟಪ ಹತ್ತುವುದಿಲ್ಲ ಎಂಬುದನ್ನು ಮರೆತರು.

ನಿಶ್ಚಿತಾರ್ಥ ಹೆದ್ದಾರಿ ಪಕ್ಕದ ಒಂದು ಛತ್ರದಲ್ಲಿ. ಮುನಿಸು ನುಂಗಿಕೊಂಡು ನಾನೂ ಹೋದೆ. ಹೋಗದಿದ್ದರೆ ನನಗೇ ಹೊಟ್ಟೆಕಿಚ್ಚು ಎನ್ನುವ ಬಾಯಿಗಳು ನಮ್ಮ ಬಳಗದಲ್ಲಿ ಬೇಕಾದಷ್ಟಿವೆ. ಛತ್ರದ ಮೆಟ್ಟಿಲಲ್ಲಿ ನಿಂತು ನೋಡಿದೆ. ಭೀಮಸಮುದ್ರದ ಕಡೆಯ ಹೆಂಗಸರು ಕಾರುಗಳಿಂದ ಇಳಿದು ಬರುತ್ತಿದ್ದರು. ಕಾಂಪೌಂಡಿನ ಜಲ್ಲಿಯಲ್ಲಿ ಹಿಮ್ಮಡಿ ಹೂತು, ಒಬ್ಬರ ಹೆಗಲು ಇನ್ನೊಬ್ಬರು ಹಿಡಿದುಕೊಂಡು, ಇಷ್ಟಗಲ ಮೆಟ್ಟಿಲನ್ನು ಓರೆಯಾಗಿ ತಿರುಗಿ ಹತ್ತುತ್ತಿದ್ದರು. ತಲೆ ಮೇಲೆ ಕೊಡ ಹೊತ್ತು ಹೊಲದ ಬದು ದಾಟುತ್ತಿದ್ದ ತಾಯಂದಿರ ಮಕ್ಕಳು ಇವರು. ಮುಖದ ತುಂಬ ಪೌಡರು, ಆದರೆ ಕಣ್ಣು ಮಾತ್ರ ನೆಲದಿಂದ ಮೇಲೇಳುತ್ತಿರಲಿಲ್ಲ, ಎಲ್ಲಿ ಬೀಳುತ್ತೇವೋ ಎಂಬ ಭಯ. ಇದೂ ಒಂದು ಸಿಂಗಾರವಾ ಎನ್ನಿಸಿ ನಾನು ಒಳಗೆ ನಡೆದೆ.

ಹುಡುಗ ಹುಡುಗಿ ಒಟ್ಟಿಗೆ ಬರುವಾಗ ಹೊಗೆ ಬಿಡುವ ಯಂತ್ರ, ಮೇಲಿಂದ ಬೀಳುವ ಹೂವು, ಕಿವಿ ಕಿತ್ತುಹೋಗುವ ಹಾಡು. ಫೋಟೋದವನು ಹಿಂದೆ ಹಿಂದೆ ಸರಿಯುತ್ತ, ಇಬ್ಬರನ್ನೂ ನಿಲ್ಲಿಸಿ ನಿಲ್ಲಿಸಿ ನಡೆಸಿದ. ಹುಡುಗಿಯ ತಲೆ ಹುಡುಗನ ಭುಜಕ್ಕೆ ಸರಿಯಾಗಿ ಕೂತಿತ್ತು. ಸೋದರತ್ತೆ ಆಚೀಚೆಯವರಿಗೆ ಮೊಣಕೈಯಿಂದ ತಿವಿದು ತೋರಿಸಿ ನಗುತ್ತಿದ್ದರು, ಅಕ್ಕನಂತೂ ನೆಲದ ಮೇಲಿರಲಿಲ್ಲ. ಮಂಟಪದ ಹತ್ತಿರ ಬಂದಾಗ ಶಾಸ್ತ್ರ ಮಾಡಿಸಲು ಕೂತಿದ್ದ ಅಯ್ಯನವರು ತಲೆಯೆತ್ತಿ, ಕಾಲಲ್ಲಿರುವುದನ್ನು ಅಲ್ಲೇ ಬಿಟ್ಟು ಬರ್ರಮ್ಮ ಎಂದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ, ಎಲ್ಲ ಮದುವೆಯಲ್ಲೂ ಹೇಳುವ ಮಾತು. ಹುಡುಗಿ ಚಪ್ಪಲಿ ಕಳಚಿ ಕೆಳಗಿಳಿದಳು. ನಾಲ್ಕು ಬೆರಳಿನಷ್ಟು ಬಟ್ಟೆ ಅವಳ ಪಾದದ ಸುತ್ತ ಮುದ್ದೆಯಾಗಿ ಬಿತ್ತು.

ಅವಳ ಎರಡೂ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ, ಅಡಿಕೆ, ಅರಿಶಿನ ಕುಂಕುಮ, ಬೆಲ್ಲದಚ್ಚು. ಬಟ್ಟೆ ಎತ್ತಿಕೊಳ್ಳಲು ಕೈಯಿಲ್ಲ. ಮಂಟಪಕ್ಕೆ ಗೇಣು ಎತ್ತರದ ಮರದ ಅಂಚು. ಅವಳು ಬಲಗಾಲೆತ್ತಿ ಅಂಚಿನ ಮೇಲಿಟ್ಟಳು. ಎಡಗಾಲು ತನ್ನದೇ ಲೆಹೆಂಗಾದ ಮೇಲೆ ನಿಂತಿತ್ತು. ಮೈ ಮೇಲಕ್ಕೆ ಹೋಗಹೊರಟಾಗ ಬಟ್ಟೆ ಕೆಳಕ್ಕೆ ಜಗ್ಗಿತು. ನಾನು ಊಟದ ಮನೆಯ ಬಾಗಿಲ ಹತ್ತಿರ ದೂರದಲ್ಲಿದ್ದೆ. ತಟ್ಟೆ ಹಾರಿದ್ದು, ತೆಂಗಿನಕಾಯಿ ಉರುಳಿದ್ದು, ಅವಳು ಒಂದು ಮಗ್ಗುಲಾಗಿ ಕುಸಿದದ್ದು ಕಂಡಿತು. ಆಮೇಲೆ ಜನ ಮುಚ್ಚಿಕೊಂಡರು. ನಾನು ಜನರನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಎಡಗಾಲಿನ ಗಿಣ್ಣು ಆಗಲೇ ಊದಿಕೊಂಡಿತ್ತು.

ನಾನು ಮಂಜುಗಡ್ಡೆ ತರಲು ಹೇಳಿ ನೆಲದ ಮೇಲೆ ಕೂತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ನೆತ್ತಿಯ ಮೇಲಿಂದ ಸೋದರತ್ತೆಯ ಮಾತು ಕೇಳಿಸಿತು. "ಅಯ್ಯೋ, ಚಪ್ಪಲಿ ಬಿಟ್ರೆ ಮತ್ತೆ ಅಷ್ಟೇ ಐತಲ್ಲ ಹುಡುಗಿ." ಚಪ್ಪಲಿ ಬಿಟ್ಟರೆ ಹುಡುಗಿ ಬೆಳೆದಿರುತ್ತಾಳೆ ಎಂದುಕೊಂಡಿದ್ದರೋ ಏನೋ. ನಾನು ತಲೆಯೆತ್ತಿ ಆಯಮ್ಮನ ಮುಖ ನೋಡಿದೆ. ನನ್ನ ನಾಲಗೆ ತುದಿಗೆ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಹುಡುಗಿ ನನ್ನ ಭುಜ ಒತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದ್ದರಿಂದ ಮತ್ತೆ ಗಿಣ್ಣಿನ ಕಡೆ ಬಾಗಿದೆ.

ಅಕ್ಕನ ಬುದ್ಧಿವಂತಿಕೆಯನ್ನೂ ಹೇಳಿಬಿಡುತ್ತೇನೆ. ಅವಳು ನನ್ನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ, ನೋಡು, ಹೀಲ್ಸ್ ಹೀಲ್ಸ್ ಎಂದು ಬಡಕೊಳ್ಳುತ್ತಿದ್ದೆ, ಕೊನೆಗೆ ಬಿದ್ದದ್ದು ಬರಿಗಾಲಲ್ಲಿ ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ಇಲ್ಲಿ ನೆಲ ನೆಟ್ಟಗಿತ್ತು, ಕುಣಿಯುವವಳೂ ನೆಟ್ಟಗಿದ್ದಳು, ಡೊಂಕು ಅಕ್ಕನ ತಲೆಯಲ್ಲಿತ್ತು. ಶಾಸ್ತ್ರ ನಿಲ್ಲಲಿಲ್ಲ. ಹುಡುಗಿಯನ್ನು ಕುರ್ಚಿ ಸಮೇತ ಮಂಟಪಕ್ಕೆ ಎತ್ತಿಟ್ಟರು. ಎಲೆ ಅಡಿಕೆ ಬದಲಾಯಿಸಿದರು, ಉಂಗುರ ತೊಡಿಸಿದರು. ಫೋಟೋಗಳನ್ನೆಲ್ಲ ಕೂರಿಸಿಯೇ ತೆಗೆದರು, ಫೋಟೋದವನಿಗೆ ಬಹಳ ಖುಷಿಯಾಯಿತು. ಕೂತರೆ ಜೋಡಿ ಚೆನ್ನಾಗಿ ಕೂಡುತ್ತದೆ ಎಂದ. ಲಗ್ನದ ದಿನ ಮಾತ್ರ ಗೊತ್ತು ಮಾಡಲಿಲ್ಲ, ಮನೆಯಲ್ಲಿ ಯೋಚನೆ ಮಾಡಿ ಹೇಳುತ್ತೇವೆ ಎಂದು ಊಟ ಮಾಡಿ ಹೊರಟರು.

ಗಿಣ್ಣಿನ ನರ ಜಗ್ಗಿದೆ, ಮೂಳೆಗೇನೂ ಆಗಿಲ್ಲ, ಭಾರ ಹಾಕಬೇಡಿ ಎಂದು ಡಾಕ್ಟರು ಹೇಳಿದರು. ಪರೀಕ್ಷೆ ಹತ್ತಿರದಲ್ಲಿತ್ತು. ಅಕ್ಕ ಅವಳನ್ನು ಯಲ್ಲದಕೆರೆಯಲ್ಲಿ ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಲು ಹೊರಟಳು, ನಾನು ಬಾಗಿಲಿಗೆ ಅಡ್ಡ ನಿಂತು ತಡೆದೆ. ರಜೆ ಹಾಕಿ ಹಿರಿಯೂರಿನಲ್ಲೇ ಉಳಿದೆ. ಬ್ಯಾಂಡೇಜು ಕಟ್ಟುವುದು, ಬಿಚ್ಚುವುದು, ಮೆಲ್ಲಗೆ ಬೆರಳಾಡಿಸುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲಿಸುವುದು. ಹುಡುಗಿ ಹಲ್ಲು ಕಚ್ಚಿ ಎಲ್ಲವನ್ನೂ ಮಾಡಿದಳು. ಅಕ್ಕ ಫೋನು ಹಿಡಿದುಕೊಂಡು ಭೀಮಸಮುದ್ರದ ಕರೆಗೆ ಕಾಯುತ್ತಿದ್ದಳು. ಒಂದೇ ಮನೆಯ ಒಂದೇ ಕೋಣೆಯಲ್ಲಿ ನಾವು ಮೂವರು ಎರಡು ಬೇರೆ ಬೇರೆ ಸುದ್ದಿಗೆ ಕಾದು ಕೂತಿದ್ದೆವು.

ಪರೀಕ್ಷೆಯ ದಿನ ಅವಳೊಂದಿಗೆ ಚಿತ್ರದುರ್ಗಕ್ಕೆ ಹೋದವಳು ನಾನೊಬ್ಬಳೇ. ಒಳಗೆ ಬಿಡುವುದಿಲ್ಲ, ಹಾಗಾಗಿ ತಂತಿಬೇಲಿಯ ಆಚೆ ನಿಂತೆ. ಮೊದಲು ಎತ್ತರ. ಎಲ್ಲರನ್ನೂ ಬರಿಗಾಲಲ್ಲಿ ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ಅಳೆಯುತ್ತಿದ್ದ ಪೊಲೀಸಮ್ಮ ಪಟ್ಟಿ ಇಳಿಸಿ ನೋಡಿ, ಸರಿ ಎಂದು ಕೈ ಬೀಸಿ ಮುಂದೆ ಕಳಿಸಿದಳು. ಎರಡನೇ ಸಲ ನೋಡಲೂ ಇಲ್ಲ. ಆಮೇಲೆ ಓಟ. ಅವಳು ಮೊದಲಿನ ಹಾಗೆ ಓಡಲಿಲ್ಲ, ಆದರೆ ಹೊತ್ತಿನೊಳಗೆ ಗೆರೆ ಮುಟ್ಟಿದಳು. ಮುಟ್ಟಿ ಮೊಣಕಾಲ ಮೇಲೆ ಕೈಯೂರಿ ನಿಂತಾಗ ಎಡಗಾಲನ್ನು ನೆಲಕ್ಕೆ ತಾಕಿಸದೆ ಎತ್ತಿ ಹಿಡಿದಿದ್ದಳು. ಗುಂಡು ಎಸೆತವೂ ಆಯಿತು. ನಾನು ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ, ಅಂಗೈಯಲ್ಲಿ ಗೆರೆ ಮೂಡಿತ್ತು.

ಉಳಿದದ್ದು ಎತ್ತರ ಜಿಗಿತ. ಸೊಂಟಕ್ಕಿಂತ ಸ್ವಲ್ಪ ಕೆಳಗೆ ಒಂದು ಕೋಲು. ಆ ಎತ್ತರವನ್ನು ಅವಳು ಹೈಸ್ಕೂಲಿನಲ್ಲಿ ಜಡೆ ಹಾಕಿಕೊಳ್ಳುತ್ತ ಹಾರುತ್ತಿದ್ದಳು. ಮೂರು ಅವಕಾಶ ಕೊಡುತ್ತಾರೆ. ಅವಳು ಚಿಮ್ಮುವುದು ಎಡಗಾಲಲ್ಲಿ. ಮೊದಲ ಸಲ ಓಡಿಬಂದು ಎಡಗಾಲೂರಿದಳು, ಗಿಣ್ಣು ಕೇಳಲಿಲ್ಲ, ಕೋಲಿನ ಮುಂದೆ ನಿಂತುಬಿಟ್ಟಳು. ಎರಡನೇ ಸಲ ಬಲಗಾಲಲ್ಲಿ ಚಿಮ್ಮಿ ನೋಡಿದಳು, ರೂಢಿಯಿಲ್ಲದೆ ಕೋಲಿನ ಮೇಲೇ ಹೋಗಿ ಬಿದ್ದಳು. ಮೂರನೇ ಸಲ ಮತ್ತೆ ಎಡಗಾಲು. ಏನು ನೋವು ನುಂಗಿಕೊಂಡಳೋ, ಮೇಲೆದ್ದಳು. ಮುಂದಿನ ಕಾಲು ದಾಟಿತು, ಸೊಂಟ ದಾಟಿತು. ಹಿಂದೆ ಬಂದ ಎಡಗಾಲು ಮಡಚಿಕೊಳ್ಳುವುದು ತಡವಾಗಿ ಕೋಲಿಗೆ ತಾಕಿತು. ಕೋಲು ಒಂದು ಗಳಿಗೆ ಅಲ್ಲಾಡುತ್ತ ಮೇಲೆಯೇ ಇತ್ತು, ಆಮೇಲೆ ಮರಳಿನ ಮೇಲೆ ಬಿತ್ತು. ಅಲ್ಲಿದ್ದವರು ಅದನ್ನೆತ್ತಿ ಮುಂದಿನ ಹುಡುಗಿಗಾಗಿ ಮತ್ತೆ ಇಟ್ಟರು.

ಅವಳು ಹೊರಗೆ ಬಂದಾಗ ಅಳುತ್ತಿರಲಿಲ್ಲ. ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತಳು, ನಾನು ನೀರು ಕೊಟ್ಟೆ. ನನಗೆ ಅಳು ಬಂತು, ತಿರುಗಿ ನಿಂತೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅಕ್ಕನ ದನಿ ಯಾವತ್ತೂ ಜೋರು, ಫೋನು ಕಿವಿಗಿಟ್ಟುಕೊಂಡರೂ ನನಗೆ ಕೇಳಿಸುತ್ತಿತ್ತು. ಭೀಮಸಮುದ್ರದವರು ಒಪ್ಪಿದರಂತೆ. ಲಗ್ನ ಗೊತ್ತು ಮಾಡಲು ಬರುತ್ತಾರಂತೆ. ಧಾರೆಗೆ ಹೇಗಿದ್ದರೂ ನಡೆಯುತ್ತದಂತೆ, ರಿಸೆಪ್ಷನ್ನಿಗೆ ಹೀಲ್ಸ್ ಹಾಕಿದರೆ ಸಾಕಂತೆ. ಇಷ್ಟೆಲ್ಲ ಹೇಳಿದ ಮೇಲೆ ಪರೀಕ್ಷೆ ಏನಾಯಿತೆಂದು ಕೇಳಿದಳು. ಹೋಯಿತು ಎಂದಳು ಹುಡುಗಿ. ಹೋದರೆ ಹೋಯಿತು ಬಿಡು, ಸಂಬಂಧ ಉಳಿಯಿತಲ್ಲ ಎಂದಳು ಅಕ್ಕ.

ನಾನು ಫೋನು ಕಿತ್ತುಕೊಳ್ಳಲು ಕೈ ಚಾಚಿದೆ. ಅಕ್ಕನಿಗೆ ಹೇಳಬೇಕಾದ ಬೈಗುಳಗಳನ್ನು ನಾನು ದಿನಾಲೂ ಮನಸ್ಸಿನಲ್ಲಿ ಸಾಣೆ ಹಿಡಿದು ಇಟ್ಟುಕೊಂಡಿದ್ದೆ. ಹುಡುಗಿ ಕೈ ಅಡ್ಡ ಮಾಡಿ ನನ್ನನ್ನು ತಡೆದಳು.

"ಬೇಡ ಅಂತ ಹೇಳ್ಬಿಡಮ್ಮ ಅವ್ರಿಗೆ" ಎಂದಳು. ಅಕ್ಕ ಆ ಕಡೆಯಿಂದ ಏನೇನೋ ಹೇಳತೊಡಗಿದಳು. ಹುಡುಗಿ ಕೇಳುವಷ್ಟು ಕೇಳಿ, ದನಿಯೇರಿಸದೆ ಹೇಳಿದಳು: "ನಾನು ಬೀಳ್ತಾ ಇದ್ದಾಗ ಅವನು ಪಕ್ಕದಾಗೆ ಇದ್ದ. ತಟ್ಟೆ ಬಿಟ್ಟು ಅವನ ಕಡೆ ಕೈ ಚಾಚ್ದೆ. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಸರಿದು, ಕ್ಯಾಮೆರಾ ಕಡೆ ನೋಡ್ದ."

ಇದನ್ನು ಅವಳು ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ದಿನಾಲೂ ಕಾಲು ಹಿಡಿದು ಕೂರುತ್ತಿದ್ದ ನನಗೂ ಹೇಳಿರಲಿಲ್ಲ. ಲೈನು ಹೋಯಿತೇನೋ ಎಂದು ಅವಳು ಫೋನು ತೆಗೆದು ನೋಡಿ ಮತ್ತೆ ಕಿವಿಗಿಟ್ಟುಕೊಂಡಳು. ಆಗ ಅಕ್ಕ ಮಾತಾಡಿದಳು, ನಾನು ಬಗ್ಗಿ ಕಿವಿಗೊಟ್ಟೆ. ಆ ದನಿಯಲ್ಲಿ ಅಕ್ಕ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಅವನು ಸರಿದದ್ದು ನಾನು ಕಾಣ್ಲಿಲ್ಲ ಮಗಳೇ. ನೀನು ಬಿದ್ದಾಗ ನಾನು ಮೊದ್ಲು ಆಯಮ್ಮನ ಮುಖ ನೋಡ್ದೆ. ನಿನ್ನ ನೋಡಿದ್ದು ಆಮೇಲೆ."

ಸಾಣೆ ಹಿಡಿದಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ನಾನು ಹುಡುಗಿಯ ಪಕ್ಕದಲ್ಲಿ ಕೂತೆ. ಆ ಕಡೆ ಅಕ್ಕ ಅಳುತ್ತಿದ್ದಳು. ಹುಡುಗಿ ಸಮಾಧಾನ ಹೇಳಲಿಲ್ಲ, ಫೋನು ಇಡಲೂ ಇಲ್ಲ. ಊದಿದ ಕಾಲನ್ನು ಮುಂದೆ ಚಾಚಿಕೊಂಡು, ತಾಯಿಯ ಅಳು ಮುಗಿಯುವವರೆಗೂ ಫೋನು ಹಿಡಿದುಕೊಂಡೇ ಕೂತಿದ್ದಳು. ಆಮೇಲೆ, "ಹಸಿವಾಗೈತೆ, ಏನಾದ್ರೂ ಮಾಡಿಡು. ಚಿಕ್ಕಮ್ಮನೂ ಬರ್ತಾಳೆ" ಎಂದಳು.